ಅಡ್ಡಗಾಳಿಗೆ ಹೆದರುತ್ತಿದ್ದ ನೆಬೊಯ್ಶಾ

ಗ್ರೀಸಿನ ಪ್ರೇವೆಜಾದ ಬಂದರಿನಲ್ಲಿ ಈಗ ಯಾರಾದರೂ ನೆಬೊಯ್ಶಾನ ಮಾತೆತ್ತಿದರೆ ಮೊದಲು ಬರುವುದು ಕಿಟಕಿಯ ಕತೆ. ಅವನು ಹೊಡೆದ ಗೋಲುಗಳು ಬೆರಳೆಣಿಕೆಯಷ್ಟು, ಕೊಟ್ಟ ಪಾಸುಗಳು ಲೆಕ್ಕವಿಲ್ಲದಷ್ಟು. ಪಾಸುಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಕಿಟಕಿಯನ್ನು ಮಾತ್ರ ಯಾರೂ ಮರೆತಿಲ್ಲ.

ಅಲ್ಲಿನ ಫುಟ್‌ಬಾಲ್ ಕ್ಲಬ್ಬಿಗೆ ಬಂದ ಮೊದಲ ದಿನ, ಆಗಸ್ಟಿನ ಸುಡುಸೆಕೆಯಲ್ಲಿ, ಆಟಗಾರರು ಬಟ್ಟೆ ಬದಲಿಸುವ ಕೋಣೆಗೆ ಕಾಲಿಟ್ಟವನೇ ಯಾರ ಕೈಯನ್ನೂ ಕುಲುಕದೆ ನೆಟ್ಟಗೆ ಹೋಗಿ ಸಮುದ್ರದ ಕಡೆಯ ಕಿಟಕಿ ಮುಚ್ಚಿದ.

"ಏಯ್, ಯಾರಪ್ಪಾ ಇವ್ನು? ನಮ್ಮನ್ನ ಬೇಯಿಸಿ ತಿನ್ನೋಕೆ ಬಂದಿದಾನಾ?" ಎಂದು ಗೋಲ್‌ಕೀಪರ್ ಸ್ತಾಥಿಸ್ ಕೂಗಿದ.

ನೆಬೊಯ್ಶಾನಿಗೆ ಆಗ ಗ್ರೀಕ್ ಬರುತ್ತಿರಲಿಲ್ಲ. ಎದುರಿನ ಬಾಗಿಲು ತೋರಿಸಿದ, ಕಿಟಕಿ ತೋರಿಸಿದ, ಎರಡರ ನಡುವೆ ಕೈಯನ್ನು ಚಾಕುವಿನಂತೆ ಎಳೆದು ಕೊನೆಗೆ ತನ್ನ ಕತ್ತಿನ ಮೇಲೆ ತಂದು ನಿಲ್ಲಿಸಿದ. ಕೋಣೆಯೆಲ್ಲ ಬಿದ್ದುಬಿದ್ದು ನಕ್ಕಿತು. ಅವನು ನಗಲಿಲ್ಲ. ಅವತ್ತಿನಿಂದ ಅವನ ಹೆಸರು ಕಿಟಕಿ ಎಂದಾಯಿತು.

ಸರ್ಬಿಯಾದ ಪಿರೋಟ್ ಅವನ ಊರು. ಆ ಊರಿನವರು ಪೊಲೀಸರಿಗೆ ಹೆದರುವವರಲ್ಲ, ಹಿಮಕ್ಕೂ ಹೆದರುವವರಲ್ಲ. ಹೆದರುವುದು ಎದುರುಬದುರು ತೆರೆದ ಎರಡು ಕಂಡಿಗಳ ನಡುವೆ ಹಾಯುವ ಅಡ್ಡಗಾಳಿಗೆ. ಕತ್ತು ಹಿಡಿದರೆ ಅಡ್ಡಗಾಳಿ, ಬಾಯಿ ಸೊಟ್ಟಗಾದರೆ ಅಡ್ಡಗಾಳಿ, ಮಗು ರಚ್ಚೆ ಹಿಡಿದರೂ ಅಡ್ಡಗಾಳಿ. ಉಳಿದವರ ಮನೆಗಳಲ್ಲಿ ಅದು ಅಜ್ಜಿಯರ ಗೊಣಗಾಟ. ನೆಬೊಯ್ಶಾನ ಮನೆಯಲ್ಲಿ ಮಾತ್ರ ಅದು ಒಂದು ಹೆಣವನ್ನು ತಂದು ಹಾಕಿ ಹೋಗಿತ್ತು.

ಅವನ ಅಪ್ಪ ಝಿವ್ಕೋ ರಬ್ಬರ್ ಕಾರ್ಖಾನೆಯ ಕೆಲಸಗಾರ, ಭಾನುವಾರಗಳಲ್ಲಿ ಕಾರ್ಖಾನೆಯ ತಂಡದ ಆಟಗಾರ. ಒಂದು ಬೇಸಿಗೆಯಲ್ಲಿ ಪಕ್ಕದ ಹಳ್ಳಿಯಲ್ಲಿ ಆಡಿ, ಬೆವರಿಳಿಯುವ ಮೈಯಲ್ಲೇ ದಾಯಾದಿಯೊಬ್ಬನ ಕಾರಿನ ಮುಂದಿನ ಸೀಟಿನಲ್ಲಿ ಕೂತ. ದಾರಿಯಲ್ಲಿ ಎರಡೂ ಬದಿಯ ಗಾಜು ಇಳಿಸಿತ್ತು. ಹಿಂದೆ ಹೆಂಡತಿ ರಾದೊಯ್ಕಾ, ಅವಳ ತೊಡೆಯ ಮೇಲೆ ನಿದ್ದೆಹೋದ ನೆಬೊಯ್ಶಾ. ಝಿವ್ಕೋ ತಪ್ಪಿಹೋದ ಗೋಲಿನ ಬಗ್ಗೆ ಏನೋ ಹೇಳುತ್ತ ಹೇಳುತ್ತ ತಲೆಯನ್ನು ಕಿಟಕಿಯ ಅಂಚಿಗೆ ಒರಗಿಸಿದ. ಮನೆಯ ಮುಂದೆ ಕಾರು ನಿಂತಾಗ ಅವನು ಇಳಿಯಲಿಲ್ಲ. ಇನ್ನೂ ನಲವತ್ತು ತುಂಬಿರಲಿಲ್ಲ. ಬೆವರಿದ ಮೈಗೆ ಗಾಳಿ ಹೊಡೆಯಿತು ಎಂದು ಅಕ್ಕಪಕ್ಕದವರು ಹೇಳಿದರು, ಹೂತು ಬಂದರು.

ಅದಾದ ಮೇಲೆ ಆ ಮನೆಯಲ್ಲಿ ಕಿಟಕಿ ತೆರೆದದ್ದನ್ನು ನೋಡಿದವರಿಲ್ಲ. ರಾದೊಯ್ಕಾ ಜಮಖಾನೆ ನೇಯುವವಳು. ಬೆಳಕಿಗಾಗಿ ಮಗ್ಗವನ್ನು ಕಿಟಕಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಜುಲೈ ತಿಂಗಳಲ್ಲೂ ಚಿಲಕ ಬಿಗಿದು, ಸಂದುಗಳಿಗೆ ಬಟ್ಟೆ ತುರುಕಿ, ಹಣೆಯ ಬೆವರು ಕೆಂಪು ಉಣ್ಣೆಯ ಮೇಲೆ ತೊಟ್ಟಿಕ್ಕುತ್ತಿದ್ದರೂ ನೇಯುತ್ತಿದ್ದಳು. ಮಗ ಮೈದಾನದಿಂದ ಬಂದರೆ ಬಾಗಿಲಲ್ಲೇ ಟವೆಲು ಹಿಡಿದು ನಿಂತಿರುತ್ತಿದ್ದಳು. ನೆಬೊಯ್ಶಾ ಎಂದರೆ ಅವರ ಮಾತಿನಲ್ಲಿ ಹೆದರಬೇಡ ಎಂದು. ಆ ಹೆಸರಿಟ್ಟವಳೇ ಅವನಿಗೆ ಹೆದರುವುದನ್ನು ತುತ್ತಿನ ಜೊತೆ ಉಣಿಸಿದಳು.

ವಿಚಿತ್ರವೆಂದರೆ ಆ ಹೆದರಿಕೆಯೇ ಅವನನ್ನು ಆಟಗಾರನನ್ನಾಗಿ ಮಾಡಿತು. ಮೈದಾನದ ನಡುವೆ ಆಡುವವನಿಗೆ ಶತ್ರು ನಾಲ್ಕೂ ಕಡೆಯಿಂದ ಬರುತ್ತಾನೆ. ನೆಬೊಯ್ಶಾ ಚೆಂಡು ತನ್ನ ಕಡೆ ಬರುವ ಮೊದಲೇ ಬಲಕ್ಕೊಮ್ಮೆ ಎಡಕ್ಕೊಮ್ಮೆ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದ, ಎಲ್ಲೋ ಏನೋ ತೆರೆದುಕೊಂಡಿದೆ ಎನ್ನುವವನ ಹಾಗೆ. ಚೆಂಡು ಕಾಲಿಗೆ ತಾಗಿದ ಕ್ಷಣವೇ ಅದು ಇನ್ನೊಬ್ಬರ ಕಾಲಿಗೆ ಹೋಗಿರುತ್ತಿತ್ತು. ಕೋಚುಗಳು ಇದನ್ನು ಪ್ರತಿಭೆ ಎಂದರು. ಮೊದಲು ಬಲ್ಗೇರಿಯಾದ ಒಂದು ಕ್ಲಬ್ಬು ಕರೆಯಿತು, ಆಮೇಲೆ ಹಂಗೇರಿಯದು, ಆಮೇಲೆ ಪ್ರೇವೆಜಾದ್ದು. ದೊಡ್ಡ ಹೆಸರೇನೂ ಬರಲಿಲ್ಲ. ಆದರೆ ಪ್ರತಿ ಶುಕ್ರವಾರ ಕೋಚು ಹನ್ನೊಂದು ಹೆಸರು ಓದುವಾಗ ಅವನದು ಇದ್ದೇ ಇರುತ್ತಿತ್ತು.

ಹೊಸ ಕ್ಲಬ್ಬಿಗೆ ಹೋದಾಗಲೆಲ್ಲ ವೈದ್ಯರು ಕೇಳುತ್ತಿದ್ದರು: ಮನೆಯಲ್ಲಿ ಯಾರಾದರೂ ಹೃದಯದ ಕಾಯಿಲೆಯಿಂದ ತೀರಿಕೊಂಡಿದ್ದಾರಾ?

"ಇಲ್ಲ," ಎನ್ನುತ್ತಿದ್ದ ನೆಬೊಯ್ಶಾ. "ಅಪ್ಪ ಇಲ್ಲ. ಅಡ್ಡಗಾಳಿಗೆ ಹೋದರು."

ಬಲ್ಗೇರಿಯಾದವನು ಅಯ್ಯೋ ಪಾಪ ಎಂದು ತಲೆಯಾಡಿಸಿದ, ಅವನ ಊರಲ್ಲೂ ಜನ ಹಾಗೆಯೇ ಸಾಯುತ್ತಿದ್ದರು. ಹಂಗೇರಿಯವನು ನಕ್ಕು ಮುಂದಿನ ಪ್ರಶ್ನೆಗೆ ಹೋದ. ನೆಬೊಯ್ಶಾ ಸುಳ್ಳು ಹೇಳಿರಲಿಲ್ಲ.

ಎದೆಯೊಳಗೆ ಮೊದಲ ಸಲ ಅದು ಆದದ್ದು ಬಲ್ಗೇರಿಯಾದಲ್ಲಿ, ಪಂದ್ಯ ಮುಗಿಸಿ ಹೊರಟ ಬಸ್ಸಿನಲ್ಲಿ. ಬಲೆಗೆ ಬಿದ್ದ ಹಕ್ಕಿ ರೆಕ್ಕೆ ಬಡಿದ ಹಾಗೆ ಬಡಿಯಿತು, ಒಂದು ಕ್ಷಣ ನಿಂತಿತು, ಆಮೇಲೆ ಮತ್ತೆ ಬಡಿಯಿತು. ಕಣ್ಣು ಕತ್ತಲಿಟ್ಟಿತು. ಸುತ್ತ ನೋಡಿದರೆ ಚಾಲಕನ ಕಿಟಕಿ ತೆರೆದಿತ್ತು, ಹಿಂದಿನ ಸೀಟಿನವರದೂ ತೆರೆದಿತ್ತು. ಅವನಿಗೆ ಬೇರೆ ಪುರಾವೆ ಬೇಕಿರಲಿಲ್ಲ. ಎದ್ದು ಎರಡನ್ನೂ ಮುಚ್ಚಿದ. ಎದೆ ತಣ್ಣಗಾಯಿತು. ಅಪ್ಪನನ್ನು ಹುಡುಕಿ ಬಂದದ್ದೇ ತನ್ನನ್ನೂ ಹುಡುಕಿಕೊಂಡು ಬಂದಿದೆ ಎಂದು ಅವನಿಗೆ ಅವತ್ತು ಗೊತ್ತಾಯಿತು.

ಪ್ರೇವೆಜಾ ಅಂಥವನು ಬರಬಾರದ ಊರು. ಮಧ್ಯಾಹ್ನವಾದರೆ ಸಾಕು, ವಾಯವ್ಯದಿಂದ ಗಾಳಿ ಎದ್ದು ಬೀದಿಬೀದಿ ಗುಡಿಸುತ್ತದೆ. ಊರಿನವರು ಅದನ್ನೇ ಕಾಯುತ್ತಿದ್ದು, ಬಂದೊಡನೆ ಇರುವ ಬಾಗಿಲನ್ನೆಲ್ಲ ತೆರೆದು ಹಾಕುತ್ತಾರೆ. ನೆಬೊಯ್ಶಾ ಕತ್ತಿಗೆ ಬಟ್ಟೆ ಸುತ್ತಿಕೊಂಡು ಗೋಡೆ ಸವರಿಕೊಂಡು ನಡೆಯುತ್ತಿದ್ದ. ಸ್ತಾಥಿಸನ ಅಕ್ಕನ ಮಗಳು ದೆಸ್ಪಿನಾ ಅವನನ್ನು ಮದುವೆಯಾದಳು. ಸೆಕೆಯಲ್ಲಿ ಬೇಯುವುದಕ್ಕೂ ಒಪ್ಪಿಯೇ ಆದಳು. ಯಾನಾ ಎಂಬ ಮಗಳು ಹುಟ್ಟಿದಳು.

ಪಿರೋಟಿನಿಂದ ತಾಯಿ ಕಳಿಸಿದ ಸಾಸೇಜುಗಳನ್ನು ಅವನು ಬಾಲ್ಕನಿಯಲ್ಲಿ ತೂಗುಹಾಕಿ, ದಿನ ಬಿಟ್ಟು ದಿನ ಬಾಟಲಿಯಿಂದ ಉರುಳಿಸಿ ಚಪ್ಪಟೆ ಮಾಡುತ್ತಿದ್ದ. ಗಾಳಿಯಲ್ಲಿ ಒಣಗಿದರೇ ಅದಕ್ಕೆ ರುಚಿ.

"ನೋಡು, ಸಾಸೇಜಿಗೆ ಗಾಳಿ ಬೇಕು, ಇವನಿಗೆ ಬೇಡ," ಎನ್ನುತ್ತಿದ್ದ ಸ್ತಾಥಿಸ್.

"ಸಾಸೇಜು ಸತ್ತಾಗಿದೆ ಕಣೋ. ಅದಕ್ಕೇನು ಭಯ?"

"ಭಯವೂ ಅಲ್ಲ, ಮಣ್ಣೂ ಅಲ್ಲ. ಪಿರೋಟಿನವರು ಎಂಥ ಜಿಪುಣರು ಅಂತ ನಂಗೊತ್ತಿಲ್ವಾ? ಮನೆ ಬಿಸಿ ಪುಕ್ಕಟೆ ಪಕ್ಕದ ಮನೆಗೆ ಹೋಗ್ಬಿಟ್ರೆ ಅಂತ ಕಿಟಕಿ ಮುಚ್ತೀರ."

ಇಂಥ ಮಾತಿಗೆ ನೆಬೊಯ್ಶಾ ನಗುತ್ತಿದ್ದ. ಆದರೆ ಎದೆಯಲ್ಲಿ ಹಕ್ಕಿ ಮತ್ತೆಮತ್ತೆ ಬಡಿಯತೊಡಗಿತ್ತು, ಕಿಟಕಿಗಳೇ ಇಲ್ಲದ ಕಡೆಯೂ. ತೆರೆದ ಮೈದಾನದಲ್ಲಿ ಯಾವುದನ್ನು ಮುಚ್ಚುವುದು? ಅವನೊಂದು ಉಪಾಯ ಕಂಡುಕೊಂಡ. ಬಡಿತ ಶುರುವಾದೊಡನೆ ಮಂಡಿಯೂರಿ ಬೂಟಿನ ದಾರ ಕಟ್ಟುವುದು. ಗಾಳಿ ಮೇಲಿನಿಂದ ಹಾಯ್ದು ಹೋಗಲಿ ಎಂದು ತಲೆ ತಗ್ಗಿಸಿ, ಕಣ್ಣು ಮುಚ್ಚಿ, ಬಡಿತ ಸರಿಯಾಗುವವರೆಗೆ ದಾರವನ್ನು ಬಿಚ್ಚುವುದು, ಕಟ್ಟುವುದು. ಮೈದಾನದಲ್ಲಿ ದಾರ ಕಟ್ಟುವವನನ್ನು ಯಾರೂ ಪ್ರಶ್ನಿಸುವುದಿಲ್ಲ.

ಗೋಲ್‌ಕೀಪರನಿಗೆ ಮಾತ್ರ ಎಲ್ಲರ ಬೆನ್ನೂ ಕಾಣುತ್ತದೆ. ಮೇ ತಿಂಗಳ ಒಂದು ಪಂದ್ಯದಲ್ಲಿ ನೆಬೊಯ್ಶಾ ಮಂಡಿಯೂರಿದವನು ಏಳಲೇ ಇಲ್ಲ. ಚೆಂಡು ಅವನನ್ನು ದಾಟಿ ಹೋಯಿತು, ಎದುರಾಳಿಯೂ ದಾಟಿ ಹೋದ, ಗೋಲಾಯಿತು. ಜನ ಬಾಯಿಗೆ ಬಂದದ್ದು ಬೈದರು. ಸ್ತಾಥಿಸ್ ಬಲೆಯಿಂದ ಚೆಂಡು ತೆಗೆಯುವುದನ್ನೂ ಬಿಟ್ಟು ಓಡಿಬಂದ.

"ದಾರ ಕಟ್ಟೇ ಇತ್ತಲ್ಲೋ. ಏನಾಯ್ತು ನಿಂಗೆ?"

"ಗಾಳಿ," ಎಂದ ನೆಬೊಯ್ಶಾ. ತುಟಿ ಬೂದಿಬಣ್ಣಕ್ಕೆ ತಿರುಗಿತ್ತು.

"ಗಾಳಿಯಂತೆ! ಎಲೆ ಅಲ್ಲಾಡ್ತಿಲ್ಲ ಇವತ್ತು. ನಡಿ, ಲಾಂಬ್ರೋಸ್ ಹತ್ರ ಹೋಗೋಣ."

ಡಾಕ್ಟರ್ ಲಾಂಬ್ರೋಸ್ ಊರಿನ ಹಳೆಯ ವೈದ್ಯರು. ಯೌವನದಲ್ಲಿ ಅನೇಕ ಗ್ರೀಕ್ ಹುಡುಗರಂತೆ ಗಡಿ ದಾಟಿ ಹೋಗಿ ಸರ್ಬಿಯಾದ ನೀಶ್ ನಗರದಲ್ಲಿ ಓದಿದ್ದರು. ಅಲ್ಲಿಂದ ಪಿರೋಟ್ ಬಸ್ಸಿನಲ್ಲಿ ಒಂದು ನಿದ್ದೆಯಷ್ಟು ದೂರ. ಅಲ್ಲಿನ ಮಾತು ಅವರ ನಾಲಿಗೆಯಲ್ಲಿ ಇನ್ನೂ ಉಳಿದಿತ್ತು. ಅವರೂ ಅದೇ ಪ್ರಶ್ನೆ ಕೇಳಿದರು. ನೆಬೊಯ್ಶಾ ಅದೇ ಉತ್ತರ ಕೊಟ್ಟ. ಲಾಂಬ್ರೋಸ್ ನಗಲೂ ಇಲ್ಲ, ಪಾಪ ಎನ್ನಲೂ ಇಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನಿದ್ದ ಮನೆಯ ಅಜ್ಜಿ ತನ್ನ ಮೂವರು ಅಣ್ಣತಮ್ಮಂದಿರನ್ನೂ ಅಡ್ಡಗಾಳಿ ತಗೊಂಡು ಹೋಯ್ತು ಅಂತಿದ್ಲು. ಒಬ್ಬನಿಗೆ ಕ್ಷಯ, ಒಬ್ಬನಿಗೆ ಕುಡಿತ, ಇನ್ನೊಬ್ಬನಿಗೆ ಏನು ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಸಾವಿಗೆಲ್ಲ ನಿಮ್ಮೂರಲ್ಲಿ ಅದೊಂದೇ ಹೆಸರು. ಹೇಳು ಮಗಾ, ನಿಮ್ಮಪ್ಪನಿಗೆ ಎಷ್ಟು ವಯಸ್ಸು? ಎಲ್ಲಿ ಹೋದ್ರು? ಅದಕ್ಕೆ ಮುಂಚೆ ಏನು ಮಾಡ್ತಿದ್ರು?"

ನೆಬೊಯ್ಶಾ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. ಆ ಕತೆಯನ್ನು ಅವನು ಯಾವತ್ತೂ ಕಾರಿನಿಂದ ಶುರುಮಾಡುತ್ತಿದ್ದ. ಇವತ್ತು ಡಾಕ್ಟರು ಅದನ್ನು ಮೈದಾನದಿಂದ ಶುರುಮಾಡಿಸಿದ್ದರು.

ಮರುದಿನವೇ ಇಯೊವಾನಿನಾದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಲ್ಲ ಪರೀಕ್ಷೆ ಮಾಡಿಸಿದರು. ಹೃದಯದ ಗೋಡೆ ಇರಬೇಕಾದ್ದಕ್ಕಿಂತ ದಪ್ಪ. ಹುಟ್ಟಿನಿಂದ ಬಂದದ್ದು, ಅಪ್ಪನಿಂದ ಬಂದದ್ದು. ಓಡಿದರೆ ಯಾವ ಕ್ಷಣದಲ್ಲಾದರೂ ನಿಲ್ಲಬಹುದು.

"ಇನ್ನು ಆಟ ಬೇಡ," ಎಂದರು ಲಾಂಬ್ರೋಸ್. "ಮಗಳನ್ನೂ ಒಂದು ಸಲ ತೋರಿಸ್ಬೇಕು. ಇದು ರಕ್ತದಲ್ಲಿ ಇಳಿಯುತ್ತೆ."

ನೆಬೊಯ್ಶಾ ಕಿಟಕಿಯ ಕಡೆ ನೋಡಿದ. ಅದು ಮುಚ್ಚಿತ್ತು. ಇಷ್ಟು ವರ್ಷ ಹೆದರಿಕೆಗೆ ಒಂದು ಚಿಲಕವಾದರೂ ಇತ್ತು. ಇನ್ನು ಅದೂ ಇಲ್ಲ. ಅವತ್ತಿನಿಂದ ಅವನು ಮಲಗುವಾಗ ಕೂತೇ ಮಲಗುತ್ತಿದ್ದ. ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ನಿಂತು ಒಳಗಿನದನ್ನು ಆಲಿಸುತ್ತಿದ್ದ. ಮಗಳನ್ನು ಎತ್ತಿಕೊಂಡರೆ ಎಲ್ಲಿ ಬಿದ್ದುಬಿಡುತ್ತೇನೋ ಎಂದು ತಕ್ಷಣ ಇಳಿಸುತ್ತಿದ್ದ. ಸಾವಿನ ಭಯ ಒಂದು ಕಡೆ. ಆಟವಿಲ್ಲದ ತಾನು ಯಾರು ಎಂಬ ಭಯ ಇನ್ನೊಂದು ಕಡೆ. ಕಾಲಿಗೆ ಚೆಂಡು ತಾಗಿದ ಆ ಒಂದು ಕ್ಷಣ ಬಿಟ್ಟರೆ ಅವನು ಯಾವಾಗಲೂ ಹೆದರಿದ ಮನುಷ್ಯನೇ. ಆ ಕ್ಷಣವೂ ಹೋದರೆ ಉಳಿಯುವುದೇನು?

ಅಂಥ ಹೊತ್ತಿನಲ್ಲಿ ಅವನ ಏಜೆಂಟ್ ಸ್ರೆತೆನ್ ಬೆಲ್‌ಗ್ರೇಡಿನಿಂದ ಬಂದ. ಬಂದರಿನ ಕಾಫಿ ಅಂಗಡಿಯಲ್ಲಿ ಕೂತು ಮೀನು ಬಿಡಿಸಿ ತಿನ್ನುತ್ತ ಹೇಳಿದ:

"ದೂರದಲ್ಲೊಂದು ಕ್ಲಬ್ಬಿದೆ ತಮ್ಮಾ, ಸಮುದ್ರದಾಚೆ. ಅಲ್ಲಿನ ಡಾಕ್ಟ್ರು ನಾಲಿಗೆ ಚಾಚು ಅಂತಾನೆ, ಚಾಚಿದ್ರೆ ಸರಿಯಿದೆ ಅಂತಾನೆ. ಇನ್ನೆರಡು ವರ್ಷ ಆಡು, ಆಮೇಲೆ ಬಿಡು."

"ಬಿದ್ದುಬಿಟ್ರೆ?"

"ಎಷ್ಟು ಜನ ಬಿದ್ದಿದಾರೆ ಹೇಳು? ರಸ್ತೆ ದಾಟೋರು ಇದಕ್ಕಿಂತ ಹೆಚ್ಚು ಸಾಯ್ತಾರೆ. ಈ ಮುದುಕ ಡಾಕ್ಟ್ರಿಗೆ ಯಾವ ಕಾಲದ ಓದು! ನಿಮ್ಮಪ್ಪ ಗಾಳಿಗೆ ಹೋದ್ರು ಅಂತ ನೀನೇ ನಂಗೆ ನೂರು ಸಲ ಹೇಳಿದೀಯ. ಈಗ ಗಾಳಿ ಸುಳ್ಳಾಯ್ತಾ?"

ಗಾಳಿ ಸುಳ್ಳಾಗದಿದ್ದರೆ ಎಷ್ಟು ಚೆನ್ನಾಗಿತ್ತು! ನೆಬೊಯ್ಶಾ ಆಯಿತು ಎಂದುಬಿಟ್ಟ. ದೆಸ್ಪಿನಾ ತಟ್ಟೆ ಎಸೆದಳು, ಅತ್ತಳು, ಮಾತು ಬಿಟ್ಟಳು. ಸ್ತಾಥಿಸ್ ಮನೆಯ ಮುಂದೆ ಬಂದು ನಿಂತು, "ಹೋಗೋ ಕತ್ತೆ, ಹೋಗಿ ಸಾಯಿ, ಪೆಟ್ಟಿಗೆಯಲ್ಲಿ ಬಂದ್ರೆ ನಾನು ಹೊರಲ್ಲ," ಎಂದು ಕೂಗಿ, ಅಲ್ಲೇ ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡ. ಅದಕ್ಕೂ ಅವನು ಬಗ್ಗಲಿಲ್ಲ. ಹೊರಡುವ ಮೊದಲು ತಾಯಿಗೆ ಹೇಳಿಬರಲು ಪಿರೋಟಿಗೆ ಹೋದ.

ರಾದೊಯ್ಕಾ ಮಗ್ಗದ ಮುಂದೆ ಕೂತಿದ್ದಳು. ದೂರದ ಊರು ಎಂದೊಡನೆ ಎದ್ದು ಉಣ್ಣೆಯ ಕಾಲುಚೀಲ ಜೋಡಿಸತೊಡಗಿದಳು. ಮಗನ ಕಾಯಿಲೆ ಅವಳಿಗೆ ಗೊತ್ತಿರಲಿಲ್ಲ. ನೆಬೊಯ್ಶಾ ಸುಮ್ಮನೆ ಕೇಳುವವನಂತೆ ಕೇಳಿದ:

"ಅಮ್ಮಾ, ಅಪ್ಪ ಆವತ್ತು ಮೈದಾನದಲ್ಲಿ ಚೆನ್ನಾಗೇ ಇದ್ರಾ?"

"ಚೆನ್ನಾಗಿರದೆ ಏನು? ಗೂಳಿ ಹಾಗೆ ಓಡ್ತಿದ್ರು." ಸ್ವಲ್ಪ ತಡೆದು ಅವಳೇ ನಕ್ಕಳು. "ಆ ಬೂಟಿನ ದಾರ ಒಂದು. ಆವತ್ತೆಲ್ಲ ಕೂತ್ಕೊಂಡು ಕೂತ್ಕೊಂಡು ಅದನ್ನೇ ಕಟ್ತಿದ್ರು. ಇಷ್ಟು ದೊಡ್ಡವರಾಗಿ ದಾರ ಕಟ್ಟೋಕೆ ಬರಲ್ವಾ ಅಂತ ನಾನು ಹೊರಗಿಂದ ಕೂಗಿ ಎಲ್ಲರ ಮುಂದೆ ನಗಾಡ್ದೆ."

ನೆಬೊಯ್ಶಾ ತಾನೊಬ್ಬನೇ ಕಂಡುಹಿಡಿದೆ ಎಂದುಕೊಂಡಿದ್ದ ಉಪಾಯ ಅದು. ಆ ಹುಲ್ಲಿನ ಮೇಲೆ ಮಂಡಿಯೂರಿ, ಕಣ್ಣು ಮುಚ್ಚಿ, ದಾರ ಬಿಚ್ಚಿ ಕಟ್ಟುತ್ತ, ಯಾರಿಗೂ ಹೇಳದೆ ಹೆದರುತ್ತಿದ್ದ ಅಪ್ಪನನ್ನು ಅವನು ಮೊದಲ ಸಲ ಕಂಡ.

"ಅಮ್ಮಾ, ಅದು ಗಾಳಿ ಅಲ್ಲ. ಹೃದಯ," ಎಂದ. ತನಗೂ ಅದೇ ಇದೆ ಎಂದ. ಎಲ್ಲವನ್ನೂ ಹೇಳಿದ.

ರಾದೊಯ್ಕಾ ಕಾಲುಚೀಲವನ್ನು ಕೈಯಲ್ಲಿ ಹಿಂಡುತ್ತ ಕೇಳಿದಳು. ಆಮೇಲೆ ಗೋಡೆಗೆ ಹೇಳುವವಳಂತೆ ಹೇಳಿದಳು: "ಅವರ ಕಡೆ ಗಾಜು ಏರಿಸಿತ್ತು. ನನಗೆ ಸೆಕೆ ಆಗ್ತಿತ್ತು. ಮಗು ಬೆವರ್ತಿದೆ, ಇಳಿಸ್ರೀ ಅಂದೆ. ಇಳಿಸಿದ್ರು. ಅದಾಗಿ ಸ್ವಲ್ಪ ಹೊತ್ತಿಗೆ..." ಅವಳು ಮಾತು ಮುಗಿಸಲಿಲ್ಲ. "ಡಾಕ್ಟ್ರು ಪುಸ್ತಕ ಓದಿದಾರೆ. ಹಿಂದಿನ ಸೀಟಲ್ಲಿ ಕೂತಿದ್ದೋಳು ನಾನು."

ಇಷ್ಟು ವರ್ಷಗಳ ಚಿಲಕಗಳು, ಸಂದಿಗೆ ತುರುಕಿದ ಬಟ್ಟೆಗಳು, ಬಾಗಿಲಲ್ಲಿ ಹಿಡಿದು ನಿಂತ ಟವೆಲುಗಳು, ಎಲ್ಲ ಏನೆಂದು ಮಗನಿಗೆ ಅರ್ಥವಾಯಿತು. ತಾನು ಆ ದೂರದ ಮೈದಾನದಲ್ಲಿ ಬಿದ್ದರೆ ಇವಳು ಯಾವ ಕಿಟಕಿಯನ್ನು ನೆನೆದು ತನ್ನನ್ನು ಶಪಿಸಿಕೊಳ್ಳುತ್ತಾಳೆ? ಅವತ್ತು ಸಂಜೆಯೇ ಅವನು ಸ್ರೆತೆನ್‌ಗೆ ಫೋನು ಮಾಡಿ ಬರುವುದಿಲ್ಲ ಎಂದ. ಸ್ರೆತೆನ್ ಬೈದ ಬೈಗುಳ ಪಕ್ಕದಲ್ಲಿದ್ದ ರಾದೊಯ್ಕಾಳಿಗೂ ಕೇಳಿಸಿತು. ಅವಳು ಫೋನು ಕಸಿದುಕೊಂಡು ಅದಕ್ಕಿಂತ ದೊಡ್ಡ ಬೈಗುಳ ಬೈದಳು. ಆದರೆ ಹೃದಯದ ಮಾತನ್ನು ನಂಬಲಿಲ್ಲ. "ಆಟ ಬಿಟ್ಟಿದ್ದು ಒಳ್ಳೇದಾಯ್ತು, ಮೈದಾನದಲ್ಲಿ ಬರೀ ಗಾಳಿ," ಎಂದಳು.

ಆಸ್ಪತ್ರೆಯಲ್ಲಿ ಅವನ ಎದೆಯೊಳಗೆ ಬಡಿತ ಕಾಯುವ ಸಣ್ಣ ಯಂತ್ರವೊಂದನ್ನು ಕೂರಿಸಿದರು. ನೆಬೊಯ್ಶಾ ಪ್ರೇವೆಜಾದ ಬಂದರಿನಲ್ಲಿ ವಿಹಾರದೋಣಿಗಳನ್ನು ಕಟ್ಟೆಗೆ ಕಟ್ಟುವ ಕೆಲಸ ಹಿಡಿದ. ದಿನವಿಡೀ ಗಾಳಿಯಲ್ಲೇ ನಿಲ್ಲುವ ಕೆಲಸ. ಹಗ್ಗ ಹಿಡಿದವನು ಆಗಲೂ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದ. ಸ್ತಾಥಿಸ್ ಸಂಜೆ ಬಂದು ಪಕ್ಕದಲ್ಲಿ ಕೂರುತ್ತಿದ್ದ. "ಹೆದರಿಕೆ ಹೋಯ್ತೇನೋ ಕಿಟಕಿ?" ಎಂದರೆ, "ಹೋಗಿಲ್ಲ. ಪಳಗಿದೆ, ಕಚ್ಚಲ್ಲ," ಎನ್ನುತ್ತಿದ್ದ. ಅದು ಪೂರ್ತಿ ನಿಜವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಒಂದು ವಿಷಯದಲ್ಲಿ ಅದು ಕಚ್ಚುತ್ತಲೇ ಇತ್ತು. ಯಾನಾಳನ್ನು ಪರೀಕ್ಷೆಗೆ ಕರೆದೊಯ್ಯಲು ಅವನಿಂದ ಆಗಲಿಲ್ಲ. ಲಾಂಬ್ರೋಸ್ ಹೇಳಿದರು, ತಾವು ಸಾಯುವವರೆಗೂ ಹೇಳಿದರು. ದೆಸ್ಪಿನಾ ಎರಡು ಸಲ ಹೊರಟು ನಿಂತಾಗ ಅವನು ಬಾಗಿಲಿಗೆ ಅಡ್ಡ ನಿಂತ. "ಅವಳು ಇನ್ನೂ ಬೆಳೀಲಿ. ನಂಗೆ ಈಗ ತಿಳ್ಕೊಳ್ಳೋ ಧೈರ್ಯ ಇಲ್ಲ," ಎಂದ. ಯಾನಾ ಬೆಳೆದಳು, ಶಾಲೆಯ ವಾಲಿಬಾಲ್ ತಂಡ ಸೇರಿದಳು. ಅವಳು ಜಿಗಿದಾಗಲೆಲ್ಲ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಕಳೆದ ಚಳಿಗಾಲದಲ್ಲಿ ದಣಿದ ಹೃದಯ ತಾನಾಗಿ ಸೋತಿತು. ಆಸ್ಪತ್ರೆಯಲ್ಲಿ ಕೊನೆಯ ವಾರ ಮಂಚವನ್ನು ಕಿಟಕಿಯ ಪಕ್ಕ ಎಳೆಯಲು ಅವನೇ ಹೇಳಿದ. ಗಾಳಿ ಬರಲಿ, ಉಸಿರಾಡಲು ಕಷ್ಟ ಎಂದ. ನಲವತ್ತೈದು ದಾಟಿರಲಿಲ್ಲ, ಆದರೂ ಅಪ್ಪನಿಗಿಂತ ಹೆಚ್ಚು ಬಾಳಿದ್ದ. ಪೆಟ್ಟಿಗೆಯನ್ನು ಪಿರೋಟಿಗೆ ಒಯ್ದರು. ಹೊರುವುದಿಲ್ಲ ಎಂದಿದ್ದ ಸ್ತಾಥಿಸ್ ಮುಂದಿನ ಕೊನೆ ಹಿಡಿದು ನಡೆದ.

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಊಟಕ್ಕೆ ಜನ ಕಿಕ್ಕಿರಿದಿದ್ದರು. ಮೇಣದ ಬತ್ತಿಗಳ ಹೊಗೆ, ಬೇಯಿಸಿದ ಗೋಧಿಯ ಸಿಹಿ, ಉಸಿರಾಡಲು ಜಾಗವಿಲ್ಲ. ಹೊಗೆಗೆ ಕೆಮ್ಮಿದ ಯಾನಾ ಮಗ್ಗದ ಪಕ್ಕದ ಕಿಟಕಿಯನ್ನು ತೆರೆದಳು. ಎದುರಿಗೆ ಬೀದಿಬಾಗಿಲೂ ತೆರೆದಿತ್ತು. ಬತ್ತಿಗಳ ಜ್ವಾಲೆ ಒಮ್ಮೆಲೇ ಬಾಗಿತು. ಮನೆಯೆಲ್ಲ ಉಸಿರು ಬಿಗಿಹಿಡಿಯಿತು.

"ಅಯ್ಯೋ, ಮುಚ್ಚೇ ಹುಡುಗಿ!" ಎಂದು ನೆರೆಮನೆಯ ಮುದುಕಿ ಎದ್ದಳು. "ಸಮುದ್ರದ ಗಾಳಿ ಅವನನ್ನ ತಗೊಂಡು ಹೋಗಿದ್ದು ಸಾಲದಾ? ಅವರಪ್ಪನ್ನೂ ಹೀಗೇ—"

"ಕೂತ್ಕೋ," ಎಂದಳು ರಾದೊಯ್ಕಾ. ಜೋರಾಗಿ ಹೇಳಲಿಲ್ಲ. ಎಲ್ಲರಿಗೂ ಕೇಳಿಸಿತು. "ಗಾಳಿ ಅಲ್ಲ. ಇಬ್ಬರದೂ ಹೃದಯ. ನನ್ನ ಮಗ ಹೇಳಿದ್ದ, ನಾನು ಕೇಳಲಿಲ್ಲ."

ಅವಳು ಸೊಸೆಯ ಕಡೆ ತಿರುಗಿದಳು.

"ದೆಸ್ಪಿನಾ, ಊರಿಗೆ ಹೋದವಳೇ ಇವಳನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗು. ಅವನಿಗೆ ಧೈರ್ಯ ಇರ್ಲಿಲ್ಲ. ಅದು ನಾನು ಕೊಡದೇ ಹೋಗಿದ್ದು. ನಾನೂ ಜೊತೆಗೆ ಬರ್ತೀನಿ."

"ಅಜ್ಜಿ, ನಂಗೆ ಭಯ ಆಗುತ್ತೆ," ಎಂದಳು ಯಾನಾ.

"ನಂಗೂ ಆಗುತ್ತೆ. ಆದ್ರೂ ಹೋಗೋಣ."

ಕಿಟಕಿಯನ್ನು ಯಾರೂ ಮುಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ರಾದೊಯ್ಕಾ ತನ್ನ ಶಾಲನ್ನು ತೆಗೆದು ಮೊಮ್ಮಗಳ ಕತ್ತಿಗೆ ಎರಡು ಸುತ್ತು ಬಿಗಿಯಾಗಿ ಸುತ್ತಿದಳು.